ಬೇಡ ಮಾವ ನೋಡಿದ ಗಾಡಿಗಳು

ಹಳೇ ಗಾಡಿ ಮಾರುವವನನ್ನು ಮಾತಾಡಿಸುವ ಮೊದಲೇ ಅವನ ಗಾಡಿಯ ಎಂಜಿನ್ನಿನ ಮೇಲೆ ಅಂಗೈ ಇಡಬೇಕು. ಇದು ಬೇಡ ಮಾವನ ಮೊದಲ ಪಾಠ. ಎಂಜಿನ್ ಬೆಚ್ಚಗಿದ್ದರೆ, ನಾವು ಬರುವ ಸ್ವಲ್ಪ ಮುಂಚೆ ಯಾರೋ ಅದನ್ನು ಹರಸಾಹಸ ಮಾಡಿ ಚಾಲೂ ಮಾಡಿ, ಬಿಸಿ ಮಾಡಿ, ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದಾರೆ ಎಂದು ಅರ್ಥ. ತಣ್ಣಗಿರುವಾಗ ಎಷ್ಟು ಒದ್ದರೂ ಏಳದ ಗಾಡಿ, ಬಿಸಿಯಿರುವಾಗ ಒಂದೇ ಒದೆತಕ್ಕೆ ಎದ್ದು ಕೂರುತ್ತದೆ. ಹಾಗಾಗಿ ಬೆಚ್ಚಗಿನ ಎಂಜಿನ್ ಸಿಕ್ಕಿದರೆ ಮಾವ ಕೈ ತೆಗೆದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು "ಬೇಡ" ಎನ್ನುತ್ತಿದ್ದ. ಮಾರುವವನು ಬಾಯಿ ತೆರೆಯುವಷ್ಟರಲ್ಲಿ ವ್ಯವಹಾರ ಮುಗಿದಿರುತ್ತಿತ್ತು.

ಎಂಜಿನ್ ತಣ್ಣಗಿದ್ದರೆ ಪರೀಕ್ಷೆ ಮುಂದುವರಿಯುತ್ತಿತ್ತು. ಮಾವ ಕುಕ್ಕರಗಾಲಿನಲ್ಲಿ ಕೂತು ಗಾಡಿಯ ಕೆಳಗಿನ ನೆಲದಲ್ಲಿ ಎಣ್ಣೆಯ ಕಲೆ ಇದೆಯೇ ಎಂದು ನೋಡುತ್ತಿದ್ದ. ಎದ್ದು ಕ್ಲಚ್ಚು, ಬ್ರೇಕುಗಳ ಹಿಡಿಯ ತುದಿಯನ್ನು ಬೆರಳಿನಿಂದ ಸವರುತ್ತಿದ್ದ. ಗಾಡಿ ಬಿದ್ದಾಗ ಮೊದಲು ನೆಲಕ್ಕೆ ಉಜ್ಜುವುದು ಆ ತುದಿಗಳು. ಮಾಲೀಕ "ಒಂದು ಸಲಾನೂ ಬಿದ್ದಿಲ್ಲ" ಎಂದು ಆಣೆ ಹಾಕುತ್ತಿರುವಾಗಲೇ ಅವು ಬೇರೆ ಕಥೆ ಹೇಳುತ್ತಿರುತ್ತವೆ. ಹ್ಯಾಂಡಲ್ಲನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ, ನಡುವೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡುತ್ತಿದ್ದ. ಚೈನು ಎಳೆದು ನೋಡುತ್ತಿದ್ದ. ಕಾಗದಪತ್ರದ ನಂಬರೂ ಗಾಡಿಯ ಮೈಮೇಲಿನ ನಂಬರೂ ಒಂದೇ ಹೌದೋ ಅಲ್ಲವೋ ಎಂದು ಕನ್ನಡಕವನ್ನು ಹಣೆಗೇರಿಸಿ ಓದುತ್ತಿದ್ದ. ಇದೆಲ್ಲ ಮುಗಿಯುವವರೆಗೆ ಬಣ್ಣದ ಬಗ್ಗೆ ಯಾರೂ ಸೊಲ್ಲೆತ್ತುವಂತಿರಲಿಲ್ಲ. "ಬಣ್ಣ ನೋಡಿ ತಗೊಳ್ಳೋರು ಹೋಗಿ ಕಿಟಕಿ ಪರದೆ ತಗೊಳ್ಳಲಿ" ಎನ್ನುತ್ತಿದ್ದ. ಇಷ್ಟೆಲ್ಲ ಆದ ಮೇಲೂ ಸಾಮಾನ್ಯವಾಗಿ ಅವನ ಬಾಯಿಂದ ಬರುತ್ತಿದ್ದದ್ದು "ಬೇಡ" ಎಂಬ ಮಾತೇ. ಆ ಒಂದು ಮಾತು ಕೇಳಲೆಂದೇ ಜನ ಅವನ ಭಾನುವಾರದ ನಿದ್ದೆ ಕೆಡಿಸಿ ಕರೆದುಕೊಂಡು ಹೋಗುತ್ತಿದ್ದರು.

ವಾರದ ಉಳಿದ ದಿನಗಳಲ್ಲೂ ಅವನ ಕಸುಬು ಅದೇ. ಕೊಡೆ ಕಾರ್ಖಾನೆಯಲ್ಲಿ ಕೊನೆಯ ಮೇಜು ಅವನದು. ಹೊಲಿದು ಬಂದ ಕೊಡೆಯನ್ನು ಬಿಚ್ಚಿ, ಒಳಗಿನಿಂದ ಬೆಳಕಿಗೆ ಹಿಡಿದು, ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ, ಮಡಚಿ, ಒಳ್ಳೆಯದನ್ನು ಬಲಗಡೆಯ ಪೆಟ್ಟಿಗೆಗೆ, ಕೆಟ್ಟದ್ದನ್ನು ಎಡಗಡೆಯ ಪೆಟ್ಟಿಗೆಗೆ ಹಾಕಬೇಕು. ಎಡಗಡೆಯ ಪೆಟ್ಟಿಗೆ ಬೇಗ ತುಂಬುತ್ತಿತ್ತು. ಮೇಲ್ವಿಚಾರಕ ಬಂದು "ಸ್ವಲ್ಪ ಕಣ್ಣು ಮುಚ್ಕೊಂಡು ನೋಡಪ್ಪಾ" ಎಂದರೆ "ಮಳೆ ಕಣ್ಣು ಮುಚ್ಕೊಂಡು ಬರುತ್ತಾ ಸಾರ್?" ಎಂದು ಕೇಳುತ್ತಿದ್ದ. ಇಡೀ ದಿನ ಚಾವಣಿಯ ಕೆಳಗೆ ಕೊಡೆ ಬಿಚ್ಚಿ ಮಡಚಿ ಸಂಜೆ ಮನೆಗೆ ಹೋಗುವಾಗ ಮಳೆ ಬಂದರೆ ಅವನು ನೆನೆದುಕೊಂಡೇ ಹೋಗುತ್ತಿದ್ದ, ಏಕೆಂದರೆ ಮಾರುಕಟ್ಟೆಯಲ್ಲಿ ಅವನಿಗೆ ಒಪ್ಪಿಗೆಯಾಗುವ ಕೊಡೆ ಇರಲಿಲ್ಲ. ಅವನಿಗೆ ಮದುವೆಯೂ ಆಗಿರಲಿಲ್ಲ. ಈ ಎರಡಕ್ಕೂ ಸಂಬಂಧ ಇದೆ ಎಂದು ಅವನ ತಂಗಿ ಬಲವಾಗಿ ನಂಬಿದ್ದಳು.

ಊರಿಗೆಲ್ಲ ಅವನು ಮಾವನಾದರೂ ಲೆಕ್ಕಕ್ಕೆ ಮಾವ ಆಗಿದ್ದು ಒಬ್ಬಳಿಗೆ ಮಾತ್ರ, ಆ ತಂಗಿಯ ಮಗಳಿಗೆ. ತಂಗಿಯ ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ ಮಗು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿತ್ತು. ಅಮ್ಮ ಮಗಳು ಇಬ್ಬರೂ ಬೀಗದಂಗಡಿಯ ಮೇಲಿನ ಅವನ ಎರಡು ಕೋಣೆಗಳಿಗೆ ಬಂದು ಸೇರಿದರು. ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವ ಕೆಲಸ ಹಿಡಿದಳು. ಮಗು ಕೊಡೆ ಕಡ್ಡಿಯ ಹಾಗೆ ಸಣ್ಣಗಿತ್ತು, ಮಾವ ಕಡ್ಡಿ ಎಂದು ಕರೆದ, ಅದೇ ಉಳಿಯಿತು. ಕಡ್ಡಿ ನಡೆಯುವುದನ್ನು ಕಲಿತದ್ದು ಬೀಗದಂಗಡಿಯ ಮೆಟ್ಟಿಲ ಮೇಲೆ. ಮಾವ ಪ್ರತಿ ಮೆಟ್ಟಿಲಲ್ಲೂ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ, ಹಿಮ್ಮುಖವಾಗಿ, ಎರಡೂ ಕೈ ಚಾಚಿಕೊಂಡು ಇಳಿಯುತ್ತಿದ್ದ. ಹೀಗೆ ಇಳಿಯುವಾಗ ಬಿದ್ದದ್ದು ಯಾವಾಗಲೂ ಅವನೇ. ರಸ್ತೆ ದಾಟುವಾಗ ಅವಳ ಕೈ ಹಿಡಿದುಕೊಳ್ಳುವ ಅಭ್ಯಾಸವನ್ನು ಅವನು ಬಿಡಲೇ ಇಲ್ಲ; ಹೈಸ್ಕೂಲಿಗೆ ಬಂದಾಗ ಅವಳೇ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ದಾಟಲು ಶುರು ಮಾಡಿದಳು. ಆಗ ಅವನು ಜೇಬನ್ನೇ ಹಿಡಿದುಕೊಂಡ.

ಕಡ್ಡಿ ಓದು ಮುಗಿಸಿ ರಕ್ತ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಗಿಟ್ಟಿಸಿಕೊಂಡಳು. ಬೆಳಿಗ್ಗೆ ಮನೆಮನೆಗೆ ಹೋಗಿ, ಎದ್ದು ಬರಲಾಗದ ರೋಗಿಗಳಿಂದ ರಕ್ತ ತೆಗೆದು, ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟು ತರುವ ಕೆಲಸ. ಷರತ್ತು ಒಂದೇ: ಒಂದನೇ ತಾರೀಖಿಗೆ ಸ್ವಂತ ಗಾಡಿಯೊಂದಿಗೆ ಹಾಜರಾಗಬೇಕು. ಗಾಡಿ ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಕಾದು ಕೂತಿದ್ದಾರೆ ಎಂದು ಪ್ರಯೋಗಾಲಯದವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕಡ್ಡಿ ಗೆಳತಿಯ ಗಾಡಿಯಲ್ಲಿ ಓಡಿಸುವುದನ್ನು ಕಲಿತು ಲೈಸೆನ್ಸೂ ತೆಗೆದುಕೊಂಡಿದ್ದಳು. ಮಾವನಿಗೆ ಅದು ಗೊತ್ತಾಗಿದ್ದು ಲೈಸೆನ್ಸ್ ಮನೆಗೆ ಬಂದ ಮೇಲೆ. ಅದರಲ್ಲಿದ್ದ ಅವಳ ಫೋಟೋವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದ. ದೋಷ ಸಿಗಲಿಲ್ಲ.

"ಗಾಡಿ ನಾನು ನೋಡ್ತೀನಿ" ಎಂದ. ಮರುದಿನ ಹೋಗಿ ಹೆಲ್ಮೆಟ್ ತಂದ. ಹೆಲ್ಮೆಟ್ ಮಾತ್ರ ಹಳೆಯದು ತಗೊಳ್ಳಬಾರದು, ಅದು ಯಾರ ತಲೆ ಕಂಡಿದೆಯೋ, ಎಲ್ಲಿ ಬಿದ್ದಿದೆಯೋ ಹೇಳಲು ಬರುವುದಿಲ್ಲ ಎಂಬುದು ಅವನ ಇನ್ನೊಂದು ಪಾಠ. ದೂರದಿಂದಲೇ ಕಣ್ಣಿಗೆ ಹೊಡೆಯುವ ಹಳದಿ ಹೆಲ್ಮೆಟ್ ಅದು. ಬಣ್ಣ ನೋಡಿ ತಂದಿದ್ದಾನೆ ಎಂದು ಅಮ್ಮ ಮಗಳು ಇಬ್ಬರಿಗೂ ಅನ್ನಿಸಿತು. 

ಮೊದಲ ಗಾಡಿ ಬೇಕರಿಯವನದು. ಎಂಜಿನ್ ಅವನ ಬನ್ನಿನಷ್ಟೇ ಬಿಸಿಯಿತ್ತು. ಬೇಡ. ಎರಡನೆಯದು ಒಬ್ಬ ಕಾಲೇಜು ಹುಡುಗನದು, ಹ್ಯಾಂಡಲ್ ನಡುವಿಗೆ ಬಂದಾಗ ಕಟಕ್ ಎಂದು ಕೂರುತ್ತಿತ್ತು. ಬೇಡ. ಇಲ್ಲಿಯವರೆಗೆ ಕಡ್ಡಿಗೂ ತಕರಾರಿರಲಿಲ್ಲ. ಆಮೇಲೆ ನೋಡಿದ್ದು ಒಬ್ಬ ಮೇಷ್ಟರ ಗಾಡಿ. ಮಾವ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಸುತ್ತು ಬಂದು ಮತ್ತೆ ನೋಡಿದ, ಕೊನೆಗೆ "ಬೇಡ, ಭಾರ ಜಾಸ್ತಿ" ಎಂದ. ಮುಂದಿನ ಗಾಡಿ ಹಗುರವಾಗಿತ್ತು.

"ಬೇಡ. ತೀರಾ ಹಗುರ. ಗಾಳಿ ಬಂದ್ರೆ ಎತ್ಕೊಂಡು ಹೋಗುತ್ತೆ."

"ಮೊನ್ನೆ ಭಾರ ಅಂದ್ರಿ" ಎಂದಳು ಕಡ್ಡಿ.

"ಮೊನ್ನೇದು ಭಾರಾನೇ ಇತ್ತು."

ಅದರ ಮುಂದಿನದಕ್ಕೆ ಬಲಗಡೆಯ ಕನ್ನಡಿ ಹೊಸದು. "ಕನ್ನಡಿ ಹೊಸದಾದ್ರೆ ಒಳ್ಳೇದೇ ಅಲ್ವಾ ಮಾವ?" ಎಂದು ಅವಳು ಕೇಳಿದರೆ, "ಹಳೇದು ಯಾಕೆ ಒಡೀತು ಅಂತ ಯೋಚನೆ ಮಾಡು" ಎಂದ. ಅವಳು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಹಳದಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಯೋಚನೆ ಮಾಡಿದಳು. ಅವಳು ಯೋಚಿಸಿದ್ದು ಕನ್ನಡಿಯ ಬಗ್ಗೆ ಅಲ್ಲ.

ಅಷ್ಟು ಹೊತ್ತಿಗೆ ಮಾವನ ಪರೀಕ್ಷೆಯ ವಿಷಯ ಹಳೇ ಗಾಡಿ ಮಾರುವವರಿಗೆಲ್ಲ ತಲುಪಿತ್ತು. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದರೆ ಯಾರು ತಾನೇ ತಯಾರಾಗುವುದಿಲ್ಲ? ಹಳೇ ಗಾಡಿಗಳ ಅಂಗಡಿಯವನೊಬ್ಬ ತಾನಾಗಿಯೇ ಹೇಳಿ ಕಳಿಸಿದ. ಹೋಗಿ ನೋಡಿದರೆ ಗಾಡಿ ಮದುವಣಗಿತ್ತಿಯ ಹಾಗೆ ನಿಂತಿದೆ. ಬ್ರೇಕಿನ ಹಿಡಿ ಹೊಸದು, ಕ್ಲಚ್ಚಿನ ಹಿಡಿ ಹೊಸದು, ಕಾಲಿಡುವ ಕಂಬಿಯ ರಬ್ಬರು ಹೊಸದು. ಮಾವ ಎಂಜಿನ್ನಿನ ಮೇಲೆ ಕೈಯಿಟ್ಟ. ಮಡಕೆಯ ನೀರಿನಷ್ಟು ತಣ್ಣಗಿತ್ತು. ಅಷ್ಟು ತಣ್ಣಗಿನ ಎಂಜಿನ್ನನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ನೆಲದ ಮೇಲೆ ಎಣ್ಣೆ ಇಲ್ಲ, ನೀರಿದೆ. ತಲೆ ಎತ್ತಿದ. ಗೋಡೆಯ ಮೊಳೆಗೆ ಒದ್ದೆ ಗೋಣಿಚೀಲವೊಂದು ನೇತಾಡುತ್ತಿತ್ತು. ಮಾವ ಎದ್ದು ಹೋಗಿ ಅದರ ಮೇಲೆ ಕೈಯಿಟ್ಟ. ಎಂಜಿನ್ ತಣ್ಣಗಿತ್ತು, ಗೋಣಿಚೀಲ ಬಿಸಿಯಿತ್ತು.

"ಬೆಳಿಗ್ಗೆಯಿಂದ ಚೀಲ ಸುತ್ತಿ ನೀರು ಹಾಕ್ತಾ ಇದ್ದೀನಿ ಮಾವ" ಎಂದ ಅಂಗಡಿಯವನು, ಮೆಚ್ಚುಗೆ ಸಿಗುತ್ತದೆಂಬ ಆಸೆಯಿಂದ. "ನಿಮಗೆ ಬಿಸಿ ಆಗಲ್ಲ ಅಂತ ಎಲ್ಲಾರೂ ಹೇಳಿದ್ರು."

ಅವನ ದನಿಯಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ಕೆಲವರಿಗೆ ಬಿಸಿ ಕಾಫಿ ಆಗದ ಹಾಗೆ ಇವನಿಗೆ ಬಿಸಿ ಎಂಜಿನ್ ಆಗುವುದಿಲ್ಲ, ಏನೋ ಆರೋಗ್ಯದ ತೊಂದರೆ ಇರಬೇಕು ಎಂದು ಅವನು ತಿಳಿದುಕೊಂಡಿದ್ದ. ಮಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೇಳುವ ಮಾತನ್ನು ಹೇಳಿದ. ಆದರೆ ವಾಪಸು ಬರುವಾಗ ಅವನ ನಡಿಗೆಯಲ್ಲಿ ಒಂದು ಉಲ್ಲಾಸವಿತ್ತು. ಈ ಸಲ ಕಾರಣ ಸಿಕ್ಕಿತ್ತು. ಕಡ್ಡಿ ಆ ಉಲ್ಲಾಸವನ್ನು ಗಮನಿಸಿದಳು.

ಆ ಸಂಜೆ ತಂಗಿ ಅಡುಗೆಮನೆಯಲ್ಲಿ ನಿಂತು ಅಣ್ಣನಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು.

"ನೀನು ಗಾಡಿ ನೋಡ್ತಾ ಇಲ್ಲ ಅಣ್ಣ. ಅವಳು ಬೀಳೋದನ್ನ ನೋಡ್ತಾ ಇದ್ದೀಯ."

"ಆ ಗಾಡಿಗೆ ಚೀಲ ಸುತ್ತಿದ್ರು ಕಣೇ."

"ಎಲ್ಲಾದಕ್ಕೂ ಸುತ್ತಿದ್ರಾ? ಮೇಷ್ಟ್ರ ಗಾಡಿಗೂ ಸುತ್ತಿದ್ರಾ? ಒಂದನೇ ತಾರೀಖು ಕಳೆದ ಮೇಲೆ ಅವಳು ನನ್ನ ಜೊತೆ ಇಸ್ತ್ರಿಗೆ ಬರಬೇಕಾ? ನನ್ನ ಸೊಂಟ ನೋಡು. ಅವಳಿಗೂ ಇದೇ ಆಗ್ಲಾ?"

ಮಾವ ಲೋಟ ತೊಳೆದು ಬೋರಲು ಹಾಕಿದ. ಅವಳು ಹೇಳಿದ್ದು ನಿಜವಾಗಿತ್ತು, ಅದು ಅವನಿಗೆ ಮೇಷ್ಟರ ಗಾಡಿಯ ದಿನದಿಂದಲೇ ಗೊತ್ತಿತ್ತು. ಬೇರೆಯವರ ಗಾಡಿ ನೋಡುವಾಗ ಅವನಿಗೆ ಕಾಣುತ್ತಿದ್ದದ್ದು ಗಾಡಿ ಮಾತ್ರ. ಈಗ ಯಾವ ಗಾಡಿ ನೋಡಿದರೂ ಅದರ ಮೇಲೆ ಕಡ್ಡಿ ಕೂತಿರುವುದು, ಅವಳ ಹಿಂದೆ ಒಂದು ಲಾರಿ ಬರುತ್ತಿರುವುದು ಕಾಣುತ್ತಿತ್ತು. ಲಾರಿಗೆ ಬೇಡ ಎನ್ನುವ ದಾರಿ ಇಲ್ಲದ್ದರಿಂದ ಗಾಡಿಗೆ ಎನ್ನುತ್ತಿದ್ದ. ಭಯಕ್ಕೆ ಅವನ ಎದೆ ಹಿಂಡಿದಂತಾಗುತ್ತಿತ್ತು. ಆದರೆ ಅವಳು ಕೆಲಸ ಕಳೆದುಕೊಂಡು ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಲ್ಲುವುದನ್ನು ನೆನೆದರೂ ಹಾಗೇ ಆಗುತ್ತಿತ್ತು, ಮತ್ತು ಎದೆ ಇದ್ದದ್ದು ಒಂದೇ.

ಒಂದನೇ ತಾರೀಖಿಗೆ ಮುಂಚಿನ ಕೊನೆಯ ಭಾನುವಾರ ಗಾಡಿ ಹುಡುಕಿದ್ದು ಕಡ್ಡಿಯೇ. ಊರಿನ ಇನ್ನೊಂದು ತುದಿಯಲ್ಲಿದ್ದ ನಿವೃತ್ತ ನರ್ಸಮ್ಮನ ಗಾಡಿ. "ಬನ್ನಿ ಮಾವ. ಆದ್ರೆ ಒಂದು ಮಾತು. ಬೇಡ ಅನ್ನೋದಾದ್ರೆ ಕಾರಣ ಗಾಡೀಲಿ ಇರಬೇಕು. ನಿಮ್ಮ ತಲೇಲಿ ಇರಬಾರದು" ಎಂದಳು. ಹೇಳಿದ ರೀತಿ ಥೇಟು ಅವಳ ಅಮ್ಮನದೇ ಆಗಿತ್ತು. ಇಬ್ಬರೂ ಬಸ್ಸು ಹತ್ತಿ ಹೋದರು.

ನರ್ಸಮ್ಮ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರವೇ ಕುರ್ಚಿ ಹಾಕಿ ಕೂತಿದ್ದಳು. ಗಾಡಿ ಧೂಳು ಮೆತ್ತಿಕೊಂಡು ನಿಂತಿತ್ತು, ಯಾರೂ ಒರೆಸಿರಲಿಲ್ಲ. ಮಾವ ಎಂಜಿನ್ ಮುಟ್ಟಿದ. ತಣ್ಣಗಿತ್ತು. ಸುತ್ತಮುತ್ತ ಗೋಣಿಚೀಲ ಇದೆಯೇ ಎಂದು ಕಣ್ಣಾಡಿಸಿದ. ಇರಲಿಲ್ಲ. ಬ್ರೇಕಿನ ಹಿಡಿಯ ತುದಿ ಸವರಿದ, ಬೆರಳಿಗೆ ಗೀರು ಸಿಕ್ಕಿತು. ಅವನ ಮುಖ ಅರಳಿತು.

"ಈ ಗಾಡಿ ಬಿದ್ದಿದೆ."

"ಬಿದ್ದಿದೆಯಪ್ಪಾ" ಎಂದಳು ನರ್ಸಮ್ಮ. "ಅದು ಆಸ್ಪತ್ರೆ ಗೇಟಲ್ಲಿ ಮರಳಿತ್ತು, ಜಾರಿದ್ದು. ಟ್ಯಾಂಕ್ ಮೇಲೆ ತಗ್ಗು ಇದೆಯಲ್ಲ, ಅದು ನಾಯಿ ಅಡ್ಡ ಬಂದಾಗ ಆಗಿದ್ದು. ನಾಯಿಗೇನೂ ಆಗ್ಲಿಲ್ಲ. ಎಡಗಡೆ ಇಂಡಿಕೇಟರ್ ಮಳೇಲಿ ಉರಿಯಲ್ಲ, ಕೈ ತೋರಿಸ್ಬೇಕು. ಹಿಂದಿನ ಟೈರು ಸವೆದಿದೆ, ಬದಲಾಯಿಸಿಕೊಳ್ಳಿ, ನಾನು ಕಡಿಮೆ ಮಾಡಿಕೊಡ್ತೀನಿ. ಮೊದಲ ಒದೆತಕ್ಕೆ ಏಳಲ್ಲ, ಎರಡನೇದಕ್ಕೆ ಏಳುತ್ತೆ. ಮೊದಲನೇದಕ್ಕೆ ಎದ್ದರೆ ನನಗೆ ಫೋನ್ ಮಾಡಿ, ಏನೋ ಕೆಟ್ಟಿದೆ ಅಂತ ಅರ್ಥ."

ಮಾವ ಆ ನಂತರವೂ ಹ್ಯಾಂಡಲ್ ತಿರುಗಿಸಿದ, ಚೈನು ಎಳೆದ, ನಂಬರು ಓದಿದ. ಆದರೆ ಹುಡುಕಲು ಏನೂ ಉಳಿದಿರಲಿಲ್ಲ. ಅವನು ಕಂಡುಹಿಡಿಯಬೇಕಾದದ್ದನ್ನೆಲ್ಲ ಆ ಹೆಂಗಸು ಕುರ್ಚಿಯಲ್ಲಿ ಕೂತೇ ಹೇಳಿ ಮುಗಿಸಿದ್ದಳು. ಇಷ್ಟು ವರ್ಷಗಳಲ್ಲಿ ಇಂಥ ಮಾರಾಟಗಾರರನ್ನು ಅವನು ಕಂಡಿರಲಿಲ್ಲ. ಕಡ್ಡಿ ಒದ್ದಳು, ಏಳಲಿಲ್ಲ. ಮತ್ತೆ ಒದ್ದಳು. ಎದ್ದಿತು. ಎಂಜಿನ್ನಿನ ಸದ್ದು ಸಮವಾಗಿ, ಒಂದು ಕಡೆಯೂ ತಡವರಿಸದೆ ಬರುತ್ತಿತ್ತು. ಮಾವ ಕಿವಿಗೊಟ್ಟು ಬಹಳ ಹೊತ್ತು ಕೇಳಿದ.

"ಬೇಡ" ಎಂದ.

"ಯಾಕೆ?" ಎಂದಳು ಕಡ್ಡಿ. ಎಂಜಿನ್ ನಿಲ್ಲಿಸಲಿಲ್ಲ.

ಮಾವ ಟೈರಿನ ಕಡೆ ನೋಡಿದ. ಅದನ್ನು ಆಗಲೇ ಹೇಳಿಯಾಗಿತ್ತು. ಇಂಡಿಕೇಟರಿನ ಕಡೆ ನೋಡಿದ. ಅದನ್ನೂ ಹೇಳಿಯಾಗಿತ್ತು.

"ಗಾಡೀಲಿ ಏನಿಲ್ಲ" ಎಂದ ಕೊನೆಗೆ. "ಗಾಡಿ ಚೆನ್ನಾಗಿದೆ. ನನಗೆ ಭಯ ಆಗ್ತಿದೆ ಕಡ್ಡಿ."

 ಮಾವ ಬೇಡ ಎಂದದ್ದನ್ನು ಕಡ್ಡಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು, ಭಯ ಎಂದದ್ದನ್ನು ಇದೇ ಮೊದಲು ಕೇಳಿದ್ದು. ಆದರೂ ಕೈ ಹ್ಯಾಂಡಲ್ ಬಿಡಲಿಲ್ಲ.

"ನನಗೂ ಆಗುತ್ತೆ ಮಾವ" ಎಂದಳು. "ಭಯ ಇಟ್ಕೊಂಡೇ ಮೆಲ್ಲಗೆ ಓಡಿಸ್ತೀನಿ. ನಿಮಗೆ ಭಯ ಅಂತ ನಾನು ನಡ್ಕೊಂಡು ಹೋದ್ರೆ ರಕ್ತ ಕೊಡೋರು ಸಾಯಂಕಾಲದವರೆಗೂ ಉಪವಾಸ ಕೂರಬೇಕಾಗುತ್ತೆ."

ನರ್ಸಮ್ಮ ಪಟ್ಟಿ ಕಟ್ಟಿದ ಮೊಣಕಾಲನ್ನು ನೀವಿಕೊಳ್ಳುತ್ತಾ ಆಕಾಶ ನೋಡುತ್ತಿದ್ದಳು. ಮಾವ ಪಕ್ಕಕ್ಕೆ ಸರಿದು ನಿಂತ. ಒಪ್ಪಿಗೆ ಎಂದು ಅದನ್ನೇ ತಿಳಿದುಕೊಂಡು ಕಡ್ಡಿ ನರ್ಸಮ್ಮನ ಜೊತೆ ಒಳಗೆ ಹೋಗಿ ದುಡ್ಡು ಕೊಟ್ಟು ಕಾಗದಪತ್ರ ಮುಗಿಸಿಕೊಂಡು ಬಂದಳು. ಹಳದಿ ಹೆಲ್ಮೆಟ್ ಹಾಕಿಕೊಂಡಳು. ಮಾವ ಅದರ ಪಟ್ಟಿಯನ್ನು ಗದ್ದದ ಕೆಳಗೆ ಎಳೆದು ನೋಡಿದ, ಬಿಚ್ಚಿ ಮತ್ತೆ ಹಾಕಿದ.

"ಹಿಂದೆ ಹತ್ತಿ ಮಾವ, ಹೋಗೋಣ."

"ಮೊದಲ ದಿನ ಹಿಂದೆ ಯಾರನ್ನೂ ಕೂರಿಸ್ಕೊಳ್ಳಬಾರದು. ತೂಕ ತಪ್ಪುತ್ತೆ. ನೀನು ಹೊರಡು, ನಾನು ಬಸ್ಸಲ್ಲಿ ಬರ್ತೀನಿ."

ಅದು ಒಳ್ಳೆಯ ಸಲಹೆಯೇ ಆಗಿತ್ತು. ಅವಳು ಹೊರಟಳು. ಹಿಂದೆಯೇ ಬಸ್ಸು ಬಂತು, ಮಾವ ಹತ್ತಿದ. ಸೀಟು ಖಾಲಿಯಿದ್ದರೂ ಕೂರದೆ ಡ್ರೈವರಿನ ಪಕ್ಕಕ್ಕೆ ಹೋಗಿ ಕಂಬ ಹಿಡಿದು ನಿಂತ. ಸ್ವಲ್ಪ ಹೊತ್ತಿನಲ್ಲೇ ಮುಂದೆ ಹಳದಿ ಹೆಲ್ಮೆಟ್ ಕಂಡಿತು. ರಸ್ತೆಯ ಎಡಕ್ಕೆ, ಎಲ್ಲಿಯೂ ಅವಸರವಿಲ್ಲದೆ ಹೋಗುತ್ತಿತ್ತು. ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟ.

"ಹೊಡೀಬೇಡಿ" ಎಂದ ಮಾವ.

"ಯಾಕ್ರೀ?"

"ಈಗ ತಾನೇ ತಗೊಂಡಿದ್ದಾಳೆ. ಗಾಬರಿ ಆಗುತ್ತೆ."

"ಹಾಗಾದ್ರೆ ಪಕ್ಕದಿಂದ ಹೋಗ್ತೀನಿ."

"ಅದೂ ಬೇಡ. ನೀವು ಹಿಂದೆ ಇದ್ರೆ ಲಾರಿ ಯಾವುದೂ ಮಧ್ಯೆ ಬರಲ್ಲ."

ಡ್ರೈವರ್ ಅವನನ್ನು ಒಂದು ಸಲ ನೋಡಿದ. ಅವನಿಗೂ ಮನೆಯಲ್ಲಿ ಯಾರಾದರೂ ಇದ್ದಿರಬೇಕು, ಕೈಯನ್ನು ಹಾರ್ನಿನಿಂದ ತೆಗೆದ. ಇಡೀ ಬಸ್ಸು ಹಳದಿ ಹೆಲ್ಮೆಟ್ಟಿನ ಹಿಂದೆ ಎತ್ತಿನಗಾಡಿಯ ವೇಗದಲ್ಲಿ ಸಾಗಿತು. ಹಿಂದಿನ ಸೀಟುಗಳಿಂದ "ಏನ್ರೀ, ಬಸ್ಸು ಕೆಟ್ಟಿದೆಯಾ?" ಎಂಬ ಕೂಗು ಬಂತು. "ಇಲ್ಲ, ಇವರ ಮನೆ ಹುಡುಗಿ ಹೊಸ ಗಾಡಿ ತಗೊಂಡಿದ್ದಾಳಂತೆ" ಎಂದು ಡ್ರೈವರ್ ತಿರುಗಿ ಹೇಳಿದ. "ಹಳೇದು" ಎಂದು ಮಾವ ತಿದ್ದಿದ.

ದೊಡ್ಡ ವೃತ್ತದಲ್ಲಿ ಕೆಂಪು ದೀಪ ಬಿತ್ತು. ಹಸಿರು ಬಂದಾಗ ಕಡ್ಡಿಯ ಗಾಡಿ ಒಂದು ಮಾರು ಮುಂದೆ ಹೋಗಿ ನಿಂತುಬಿಟ್ಟಿತು. ಅಕ್ಕಪಕ್ಕದ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಶುರು ಮಾಡಿದವು. ಬಸ್ಸು ಮಾತ್ರ ಸುಮ್ಮನಿತ್ತು.  ಅವಳು ಒದ್ದಳು, ಏಳಲಿಲ್ಲ. ಮತ್ತೆ ಒದ್ದಳು, ಗಾಡಿ ಎದ್ದಿತು. ಅಷ್ಟರಲ್ಲಿ ಮಾವ ಬಸ್ಸಿನ ನೆಲಕ್ಕೆ ತಾನೂ ಒದ್ದಿದ್ದ, ಮುಂದಿನ ಸೀಟಿನಲ್ಲಿ ಕೂತಿದ್ದವರ ಕಾಲಿಗೆ ತಾಗಿತ್ತು. ಅವರು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡರು.

ವೃತ್ತದಿಂದ ಮನೆಗೆ ಹೋಗುವ ದಾರಿ ಬಲಗಡೆ. ಬಸ್ಸು ಹೋಗುವುದೂ ಬಲಗಡೆಗೇ. ಕಡ್ಡಿ ಎಡಗೈಯನ್ನು ಚಾಚಿ ತೋರಿಸಿ ಎಡಕ್ಕೆ ತಿರುಗಿದಳು.

"ಆ ಕಡೆ ಎಲ್ಲಿಗೆ?" ಎಂದ ಮಾವ, ಯಾರನ್ನೂ ಕೇಳದೆ.

ಎಡಗಡೆಯ ರಸ್ತೆ ಊರಿನ ಹೊರಗೆ ಹೋಗುತ್ತದೆ. ಅಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ. ಗಾಡಿ ಇತ್ತು, ಹೋದಳು. ಅಷ್ಟೇ. ಮಾವ ಬಗ್ಗಿ ಎಡಗಡೆಯ ಕಿಟಕಿಯಿಂದ ನೋಡಿದ. ಹಳದಿ ಹೆಲ್ಮೆಟ್ ಒಂದು ಸಲವೂ ಹಿಂದೆ ತಿರುಗಲಿಲ್ಲ. ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಹೋಗುತ್ತಿತ್ತು, ನೆಟ್ಟಗೆ, ಒಂದು ಕಡೆಯೂ ವಾಲದೆ. ಆಮೇಲೆ ಒಂದು ವ್ಯಾನು ಅಡ್ಡ ಬಂತು. ವ್ಯಾನು ಸರಿದಾಗ ರಸ್ತೆಯಲ್ಲಿ ಬೇರೆ ಗಾಡಿಗಳಿದ್ದವು.

ಬಸ್ಸು ಬಲಕ್ಕೆ ತಿರುಗಿತು. ಮುಂದೆ ಒಂದು ತರಕಾರಿ ಗಾಡಿ ದಾರಿಗೆ ಅಡ್ಡವಾಗಿ ನಿಂತಿತ್ತು. ಡ್ರೈವರ್ ಬ್ರೇಕು ಹಾಕಿ ಮಾವನ ಮುಖ ನೋಡಿದ.

"ಈಗ ಹಾರ್ನ್ ಹೊಡೀಬಹುದಾ?" ಎಂದು ಕೇಳಿದ.

ಮಾವ ಕಿಟಕಿಯಿಂದ ತಲೆ ಈಚೆಗೆ ತಂದು, ಪಕ್ಕದ ಖಾಲಿ ಸೀಟಿನಲ್ಲಿ ಕೂತ.

"ಹೊಡೀರಿ" ಎಂದ.